ಕಸ್ತೂರೆಮ್ಮನ ತೋರುಬೆರಳು

ನಾನು ಹುಟ್ಟಾ ಪುಕ್ಕಲ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ, ಸ್ಟಾಫ್ ರೂಮಿಗೆಲ್ಲ ಗೊತ್ತಿರುವ ಮಾತು. ಬಿಇಒ ಕಚೇರಿಯಿಂದ ಫೋನ್ ಬಂದರೆ ಕುರ್ಚಿ ಬಿಟ್ಟು ಎದ್ದು ನಿಂತು ಮಾತಾಡುತ್ತೇನೆ. ರಿಜಿಸ್ಟರ್ ಪತ್ರ ಬಂದರೆ ಸಹಿ ಮಾಡುವ ಮೊದಲು ಒಂದು ಲೋಟ ನೀರು ಕುಡಿಯುತ್ತೇನೆ. ಇಂಥ ಶರಣಬಸವ ಮಾಸ್ತರ ಸರಕಾರದ ಸ್ವತ್ತು ಮನೆಯಲ್ಲಿಟ್ಟುಕೊಂಡಿದ್ದ ಎಂದರೆ ಯಾರೂ ನಂಬಲಿಕ್ಕಿಲ್ಲ. ಆದರೆ ಇಟ್ಟುಕೊಂಡಿದ್ದೆ, ಅದೂ ಹೆದರಿಕೆಯಿಂದಲೇ.

ಹಿಂದಿನ ವರ್ಷ ಲೋಕಸಭೆ ಚುನಾವಣೆಯಲ್ಲಿ ನನಗೆ ಸಿಂಧನೂರಿನ ಆಚೆ ಆರ್.ಎಚ್. ಕ್ಯಾಂಪಿನ ಮತಗಟ್ಟೆಯೊಂದಕ್ಕೆ ಡ್ಯೂಟಿ ಬಿದ್ದಿತ್ತು. ಬೆರಳಿಗೆ ಶಾಯಿ ಹಚ್ಚುವ ಕೆಲಸ. ಕೊಟ್ಟ ಎರಡು ಬಾಟಲಿಗಳಲ್ಲಿ ಒಂದರ ಸೀಲನ್ನು ಒಡೆಯಲೇ ಇಲ್ಲ. ಸಾಮಾನು ವಾಪಸು ಒಪ್ಪಿಸುವ ನೂಕುನುಗ್ಗಲಿನಲ್ಲಿ ಅದು ನನ್ನ ಬ್ಯಾಗಿನ ಜೇಬಿನಲ್ಲೇ ಉಳಿಯಿತು. ಕಣ್ಣಿಗೆ ಬಿದ್ದದ್ದು ಮೂರು ದಿನ ಬಿಟ್ಟು. ಕೊಡಲು ಹೋದರೆ ಮೂರು ದಿನ ಯಾಕೆ ಇಟ್ಟುಕೊಂಡಿದ್ದೆ ಎಂದು ಕೇಳುತ್ತಾರಲ್ಲ ಎಂದು ಹೆದರಿ ಕೊಡಲಿಲ್ಲ. ಮೂರು ದಿನ ಹೋಗಿ ಒಂದು ವರ್ಷವಾಯಿತು.

ನಾನು ಪಾಠ ಹೇಳುವ ಹೈಸ್ಕೂಲು ಮಸ್ಕಿ ದಾಟಿ ಪಾಮನಕಲ್ಲೂರಿನ ಕಡೆ ಹೋಗುವಾಗ ಸಿಗುವ ಹಳ್ಳಿಯದು. ಸಮಾಜ ವಿಜ್ಞಾನ ನನ್ನ ವಿಷಯ. ರಾಜಕೀಯ ಎಂದರೇನು ಎಂದು ಒಂಬತ್ತನೇ ಕ್ಲಾಸಿನಲ್ಲಿ ಕೇಳಿದಾಗ ಒಬ್ಬಳು ಬ್ಯಾನರ್ ಎಂದಳು, ಒಬ್ಬ ಬಿರಿಯಾನಿ ಎಂದ. ಹುಲಿಗೇಶ ಎಂಬ ಹುಡುಗ, ಅಪ್ಪ ಅವ್ವ ಜಗಳಾಡಲು ಇರುವ ಒಂದು ಕಾರಣ ಎಂದ. ನನಗೆ ಸಿಟ್ಟು ಬಂತು, ಮಕ್ಕಳ ಮೇಲಲ್ಲ. ಈ ಸಲದ ಶಾಲಾ ಸಂಸತ್ತಿನ ಚುನಾವಣೆಯನ್ನು ನಿಜವಾದ ಚುನಾವಣೆಯ ಹಾಗೆಯೇ ಮಾಡುತ್ತೇನೆ ಎಂದು ಹಟ ತೊಟ್ಟೆ.

ನಾಮಪತ್ರ, ಪರಿಶೀಲನೆ, ಹಿಂತೆಗೆತ, ನೀತಿಸಂಹಿತೆ ಎಲ್ಲವೂ ಆಯಿತು. ಹುಲಿಗೇಶ ಹುಡುಗಿಯರ ಶೌಚಾಲಯಕ್ಕೆ ನೀರು ತರಿಸುತ್ತೇನೆಂದು ಭಾಷಣ ಮಾಡಿದರೆ, ಎದುರಾಳಿ ರೂಪಾ ಎದ್ದು ನಿಂತು ಮೋಟರು ಕೆಟ್ಟು ಎಷ್ಟು ತಿಂಗಳಾಯಿತು ಗೊತ್ತೇ ಎಂದು ಕೇಳಿದಳು. ಕ್ಲಾಸಿನಲ್ಲಿ ತೂಕಡಿಸುತ್ತಿದ್ದವರೂ ಆ ಮೋಟರಿನ ಬಗ್ಗೆ ಬಿಸಿಲಲ್ಲಿ ನಿಂತು ವಾದಕ್ಕಿಳಿದರು. ಆ ಹುಮ್ಮಸ್ಸಿನಲ್ಲಿ ನಾನು ಮೈಮರೆತೆ. ಮೊಬೈಲಿನ ಆ್ಯಪೇ ಮತಯಂತ್ರವಾದ ಮೇಲೆ, ಶಾಯಿಯೂ ನಿಜವಾದದ್ದೇ ಇರಲಿ ಎಂದು ಆ ಬಾಟಲಿ ತಂದೆ. ಶಾಯಿ ಹಚ್ಚುವ ಅಧಿಕಾರಿ ಒಂಬತ್ತನೇ ಕ್ಲಾಸಿನ ಅರ್ಜುಮಂದ್. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಸೀಲು ಒಡೆದು, ಎಡಗೈ ತೋರುಬೆರಳು ಹಿಡಿದು, ಉಗುರಿನಿಂದ ಮೊದಲ ಗೆಣ್ಣಿನವರೆಗೆ ಎಲ್ಲರಿಗೂ ಒಂದೇ ಅಳತೆಯ ಗೆರೆ ಎಳೆದಳು.

ಸಾಲಿನ ಕೊನೆಯಲ್ಲಿ ಬಿಸಿಯೂಟದ ಅಡುಗೆಯ ಕಸ್ತೂರೆಮ್ಮ ಬಂದು ನಿಂತಳು. ಮಕ್ಕಳು ನಕ್ಕರು. ಇದು ಮಕ್ಕಳ ಆಟ ಎಂದು ನಾನು ಹೇಳಿದರೆ, ತಾನೂ ಒಂದು ಸಲ ಯಾರ ಕಾವಲೂ ಇಲ್ಲದೆ ಓಟು ಹಾಕಿ ನೋಡಬೇಕು ಎಂದಳು. ಬೇಡ ಎನ್ನಲು ಮನಸ್ಸಾಗಲಿಲ್ಲ. ಅರ್ಜುಮಂದ್ ಅವಳಿಗೂ ಅದೇ ಅಳತೆಯ ಗೆರೆ ಎಳೆದಳು. ಅಂದು ಗುರುವಾರ. ಭಾನುವಾರ ಅದೇ ಊರಿನ ಎರಡನೇ ವಾರ್ಡಿಗೆ ಗ್ರಾಮ ಪಂಚಾಯ್ತಿ ಉಪಚುನಾವಣೆ. ನಮ್ಮಲ್ಲಿ ಒಬ್ಬರಿಗೂ ಅದು ನೆನಪಾಗಲಿಲ್ಲ.

ಶುಕ್ರವಾರ ಬೆಳಗ್ಗೆ ಕಸ್ತೂರೆಮ್ಮ ಹುಣಸೆಹಣ್ಣು ಮತ್ತು ಬೂದಿ ಹಚ್ಚಿ ಬೆರಳು ತಿಕ್ಕುತ್ತಿದ್ದಳು. ಚರ್ಮ ಕೆಂಪಾಗಿತ್ತು, ಗೆರೆ ಮಾತ್ರ ಇನ್ನೂ ಕಪ್ಪಾಗಿತ್ತು. ಭಾನುವಾರದ ಚುನಾವಣೆ ನನಗೆ ಆಗ ನೆನಪಾಯಿತು.

ಆ ವಾರ್ಡಿನಲ್ಲಿ ಒಂದು ಪದ್ಧತಿ ಇದೆ. ಎದುರು ಪಾರ್ಟಿಗೆ ಓಟು ಹಾಕುವವರನ್ನು ಹಿಂದಿನ ದಿನವೇ ಹಿಡಿದು, ಕೈಗೆ ಏನಾದರೂ ಕೊಟ್ಟು, ಬೆರಳಿಗೆ ಕಪ್ಪು ಹಚ್ಚಿಬಿಡುತ್ತಾರೆ. ಗುರುತು ಇದ್ದವರನ್ನು ಮತಗಟ್ಟೆಯವರು ಒಳಗೆ ಬಿಡುವುದಿಲ್ಲ. ಹಾಗೆ ಮನೆಯಲ್ಲಿ ಕೂತವರಿಗೆ ಊರಲ್ಲಿ ಬೆರಳು ಮಾರಿದವರು ಎಂದೇ ಹೆಸರು. ಈ ಸಲ ಚುನಾವಣೆಗೆ ನಿಂತವರಲ್ಲೊಬ್ಬ ನಮ್ಮ ಶಾಲಾ ಅಭಿವೃದ್ಧಿ ಸಮಿತಿಯ ಅಧ್ಯಕ್ಷ ಗೋಪಣ್ಣನ ತಮ್ಮ. ಕಸ್ತೂರೆಮ್ಮನಿಗೆ ಅಡುಗೆ ಕೆಲಸ ಕೊಡಿಸಿದವನೂ ಗೋಪಣ್ಣನೇ.

ಶನಿವಾರ ಗೋಪಣ್ಣ ಅಡುಗೆ ಮನೆಗೆ ಬಂದು ಅವಳ ಬೆರಳು ನೋಡಿ, ಎದುರಿನವರಿಗೆ ಬೆರಳು ಮಾರಿದೆಯೇನು ಎಂದು ಕೇಳಿದ. ಶಾಲೆಯ ಚುನಾವಣೆಯಲ್ಲಿ ಹಚ್ಚಿದ್ದು ಎಂದು ಅವಳು ಹೇಳಿದಳು. ಅವನು ನನ್ನ ಕಡೆ ತಿರುಗಿ, ಹೌದೇನು ಎಂದು ಕೇಳಿದ. ಹೌದು ಎಂದರೆ ಆ ಶಾಯಿ ಎಲ್ಲಿಯದು ಎಂಬ ಮುಂದಿನ ಪ್ರಶ್ನೆ ನನ್ನ ಕಿವಿಗೆ ಆಗಲೇ ಕೇಳಿಸಿತ್ತು. ಸಸ್ಪೆಂಡ್ ಎಂಬ ಅಕ್ಷರಗಳೂ ಕಣ್ಣ ಮುಂದೆ ಬಂದವು. ನಮ್ಮದು ಬರೇ ಮಾರ್ಕರ್ ಪೆನ್ನು, ತೊಳೆದರೆ ಹೋಗುತ್ತದೆ ಎಂದುಬಿಟ್ಟೆ.

ಕಸ್ತೂರೆಮ್ಮ ನನ್ನನ್ನು ನೋಡಿದಳು. ಸಿಟ್ಟು ಮಾಡಲಿಲ್ಲ, ಬೆರಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

"ನಾಳೆ ಓಟ್ ಹಾಕಿ ಬಂದು ನನಗ ಎರಡನೇ ಗುರ್ತು ತೋರಸು," ಎಂದ ಗೋಪಣ್ಣ. "ಇಲ್ಲಂದ್ರ ಸೋಮವಾರ ಈ ಅಡಗಿ ಮನಿ ಕೀಲಿ ತಂದು ಒಪ್ಪಸು."

ಭಾನುವಾರ ನಾನು ಲಿಂಗಸುಗೂರಿನ ನನ್ನ ಬಾಡಿಗೆ ಮನೆಯಲ್ಲಿ ಗಡಿಯಾರ ನೋಡುತ್ತ ಕೂತಿದ್ದೆ. ಐದು ಗಂಟೆಗೆ ಮತದಾನ ಮುಗಿಯುತ್ತದೆ. ಮುಗಿದುಬಿಟ್ಟರೆ ಮಾಡುವುದಕ್ಕೆ ಏನೂ ಉಳಿಯುವುದಿಲ್ಲ. ಬೇಗ ಮುಗಿಯಲಿ ಎಂದು ಬೇಡಿಕೊಂಡೆ ಎಂಬುದನ್ನು ಈಗ ಬರೆಯುವಾಗಲೂ ಹೇಸಿಗೆಯಾಗುತ್ತದೆ. ಎರಡೂವರೆಗೆ ಫೋನ್ ಬಂತು. ಅರ್ಜುಮಂದ್.

"ಸರ್, ಕಸ್ತೂರೆಮ್ಮಜ್ಜಿ ಮನಿ ಬಿಟ್ಟು ಹೊರಗ ಬಂದಿಲ್ರಿ. ಆ ಶಾಯಿ ಖರೇದು ಅಂತ ನನಗ ಗೊತ್ತೈತಿ, ನಾನಽ ಸೀಲ್ ಒಡದೀನಿ. ನಾ ಮತಗಟ್ಟಿಗಿ ಹೋಗಿ ಹೇಳಿದೆ. ಸಣ್ಣ ಹುಡುಗಿ, ಹೊರಗ ನಡಿ ಅಂದ್ರು."

ನೀವು ಬರುತ್ತೀರೇನು ಎಂದು ಅವಳು ಕೇಳಿದಳು. ನೋಡುತ್ತೇನೆ ಎಂದು ಫೋನ್ ಇಟ್ಟೆ. ಹತ್ತು ನಿಮಿಷ ಕೂತೆ, ಎದ್ದೆ, ಮತ್ತೆ ಕೂತೆ. ಕೊನೆಗೆ ಬಾಟಲಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಮೋಟರ್ ಸೈಕಲ್ ಹತ್ತಿದೆ.

ದಾರಿಯುದ್ದಕ್ಕೂ ಗಾಡಿ ಪಂಚರ್ ಆಗಲಿ ಎಂದುಕೊಳ್ಳುತ್ತ ಹೋದೆ. ಆಗಲಿಲ್ಲ. ಮಸ್ಕಿಯಲ್ಲಿ ನಿಲ್ಲಿಸಿ ಚಹಾ ತೆಗೆದುಕೊಂಡೆ, ಅರ್ಧಕ್ಕೇ ಬಿಟ್ಟೆ. ಹದಿನಾಲ್ಕು ವರ್ಷದ ನೌಕರಿ. ನನ್ನ ಮನೆಯಲ್ಲಿ ಸರಕಾರಿ ಕೆಲಸ ಸಿಕ್ಕ ಮೊದಲನೆಯವನು ನಾನು. ಅಲ್ಲಿಂದಲೇ ತಿರುಗಿ ಲಿಂಗಸುಗೂರಿಗೆ ಹೋದರೆ ಕೇಳುವವರು ಯಾರು? ಯಾರೂ ಇಲ್ಲ ಎಂದು ಗೊತ್ತಾದಾಗ ಹೆದರಿಕೆ ಇನ್ನೂ ಹೆಚ್ಚಾಯಿತು. ಮುಂದಕ್ಕೇ ಹೋದೆ.

ಮತಗಟ್ಟೆ ಇದ್ದದ್ದು ನನ್ನದೇ ಒಂಬತ್ತನೇ ಕ್ಲಾಸಿನ ಕೋಣೆಯಲ್ಲಿ. ಗೇಟಿನ ಹತ್ತಿರ ಗೋಪಣ್ಣ ಕುರ್ಚಿ ಹಾಕಿಕೊಂಡು ಕೂತಿದ್ದ. ಅರ್ಜುಮಂದ್ ಹೇಗೋ ಒಪ್ಪಿಸಿ ಕಸ್ತೂರೆಮ್ಮನನ್ನು ಮನೆಯಿಂದ ಕರೆತಂದಿದ್ದಳು. ಗಂಟೆ ನಾಲ್ಕು ಇಪ್ಪತ್ತು. ನಾವು ಬಾಗಿಲಿಗೆ ಹೋದಾಗ ಶಾಯಿಯ ಟೇಬಲ್ಲಿನವನು ಅವಳ ಬೆರಳು ನೋಡಿ, ಗುರುತು ಆಗಲೇ ಇದೆ, ವಾಪಸು ಹೋಗು ಎಂದ.

ನಾನು ಮತಗಟ್ಟೆಯ ಅಧ್ಯಕ್ಷಾಧಿಕಾರಿಯ ಮುಂದೆ ನಿಂತು, ಗುರುವಾರ ಶಾಲೆಯ ಚುನಾವಣೆಯಲ್ಲಿ ಈ ಗುರುತು ಬಿದ್ದದ್ದು, ಶಾಯಿ ನಾನು ತಂದದ್ದು, ಅದು ಸರಕಾರದ್ದು ಎಂದು ಹೇಳಿದೆ. ಅವರೂ ಯಾವುದೋ ಶಾಲೆಯ ಮಾಸ್ತರರೇ. ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು.

"ಸರ ಸುಳ್ಳ ಹೇಳಾಕತ್ತಾರ್ರಿ," ಎಂದಳು ಕಸ್ತೂರೆಮ್ಮ. "ನಾ ಬೆರಳು ಮಾರಿಕೊಂಡೀನಿ."

ಗೋಡೆಯ ಹತ್ತಿರ ಕೂತಿದ್ದ ಗೋಪಣ್ಣನ ಕಡೆಯ ಏಜೆಂಟ ನಕ್ಕ. ಅವಳು ನನ್ನ ಕಡೆ ತಿರುಗಿ ದನಿ ತಗ್ಗಿಸಿದಳು.

"ನಂದು ಅಡುಗಿ ಕೆಲಸ, ಎಲ್ಯಾರ ಒಲಿ ಹಚ್ಚತೀನಿ. ನಿಮ್ಮ ನೌಕರಿ ಹೋದ್ರ ಮತ್ತ ಬರಂಗಿಲ್ರಿ. ನಡೀರಿ ಇಲ್ಲಿಂದ."

ಸುಳ್ಳೇಕೆ ಹೇಳಲಿ, ಅರೆಗಳಿಗೆ ನನಗೆ ಖುಷಿಯಾಯಿತು. ಹೇಳಬೇಕಾದ್ದು ಹೇಳಿದ್ದೆ, ಅವಳೇ ಬೇಡ ಎಂದಳು, ಬಾಗಿಲು ಎರಡು ಹೆಜ್ಜೆಯಲ್ಲಿತ್ತು. ಹಿಂದಿನ ದಿನ ಅವಳು ನಿಜ ಹೇಳಿದಾಗ ನಾನು ಸುಳ್ಳು ಮಾಡಿದ್ದೆ. ಈಗ ನಾನು ನಿಜ ಹೇಳಿದರೆ ಅವಳು ನನ್ನನ್ನು ಉಳಿಸಲು ಅದನ್ನು ಸುಳ್ಳು ಮಾಡುತ್ತಿದ್ದಳು. ಅವಳ ಉಪಕಾರ ತಗೊಂಡು ಹೊರಗೆ ಹೋಗುವುದು ಎಷ್ಟು ಸುಲಭ ಎಂದು ತಿಳಿದು ನನಗೆ ನನ್ನ ಮೇಲೇ ಭಯವಾಯಿತು. ಜೇಬಿನಿಂದ ಬಾಟಲಿ ತೆಗೆದು ಟೇಬಲ್ಲಿನ ಮೇಲಿಟ್ಟೆ. ಅವರ ಮುಂದಿದ್ದ ಬಾಟಲಿಯೂ ಅಂಥದ್ದೇ. ಏಜೆಂಟನ ನಗು ನಿಂತಿತು.

ಅಧ್ಯಕ್ಷಾಧಿಕಾರಿ ಹೊರಗೆ ಹೋಗಿ ಮೇಲಿನವರಿಗೆ ಫೋನ್ ಮಾಡಿದರು. ಹನ್ನೆರಡು ನಿಮಿಷ ಹಿಡಿಯಿತು. ವಾಪಸು ಬಂದವರು ಬಿಳಿ ಹಾಳೆ ಕೊಟ್ಟು, ಇದರಿಂದ ಏನಾಗುತ್ತದೆ ಗೊತ್ತಲ್ಲ ಎಂದರು. ಗೊತ್ತು ಎಂದೆ. ಬರೆದು ಸಹಿ ಹಾಕಿದೆ. ಆ ಸಹಿ ನನ್ನದೆಂದು ಬ್ಯಾಂಕಿನವರು ಒಪ್ಪುತ್ತಿರಲಿಲ್ಲ.

ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಗುರುತಿರಲಿಲ್ಲ. ಮಧ್ಯದ ಬೆರಳಿಗೆ ಶಾಯಿ ಹಚ್ಚಿ ಚೀಟಿ ಕೊಟ್ಟರು. ರಟ್ಟಿನ ಮರೆಯ ಹಿಂದೆ ಅವಳು ಬಹಳ ಹೊತ್ತು ನಿಂತಳು. ಹೊರಗೆ ಬಂದು ಗೋಪಣ್ಣನ ಮುಂದೆ ಬೆರಳು ಬಿಚ್ಚಿ ತೋರಿಸಿದಳು. ಅವನು ಎರಡೂ ಬೆರಳು ನೋಡಿದ, ಆಮೇಲೆ ನನ್ನನ್ನು ನೋಡಿದ, ಕೀಲಿಯ ಮಾತು ಎತ್ತಲಿಲ್ಲ. ಕಸ್ತೂರೆಮ್ಮ ನನ್ನ ಹತ್ತಿರ ಬಂದು, ಇನ್ನು ನಿಮ್ಮ ಗತಿ ಏನು ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ನಾಳೆ ಅನ್ನಕ್ಕೆ ಇಡುವ ಹೊತ್ತಿಗೆ ಬರುತ್ತೀರಲ್ಲ ಎಂದಳು. ಬರುತ್ತೇನೆ ಎಂದೆ.

ಅವಳು ಹೋದ ಮೇಲೂ ಅರ್ಜುಮಂದ್ ಕಾಂಪೌಂಡಿಗೆ ಬೆನ್ನು ಕೊಟ್ಟು ಅಲ್ಲೇ ನಿಂತಿದ್ದಳು. ಈ ಹುಡುಗಿಗೆ ಹೆದರಿಕೆ ಎಂಬುದೇ ಇಲ್ಲ ಎಂದು ನಾನು ದಾರಿಯುದ್ದಕ್ಕೂ ಹೊಟ್ಟೆಕಿಚ್ಚು ಪಟ್ಟಿದ್ದೆ. ಹತ್ತಿರ ಹೋದರೆ ಅವಳು ದುಪಟ್ಟಾದ ತುದಿಯನ್ನು ಮುಷ್ಟಿಯಲ್ಲಿ ಹಿಂಡುತ್ತಿದ್ದಳು. ಮಧ್ಯಾಹ್ನ ಗೋಪಣ್ಣನ ಕುರ್ಚಿ ದಾಟಿ ಒಬ್ಬಳೇ ಆ ಕೋಣೆಗೆ ಹೋದಾಗಲೂ ಇವಳು ಹೀಗೇ ಇದ್ದಿರಬೇಕು.

"ಸರ್, ಪೊಲೀಸರು ನಮ್ಮ ಮನಿಗೂ ಬರ್ತಾರೇನ್ರಿ?"

"ಇಲ್ಲವ್ವಾ. ನಾ ನಿನ್ನ ಹೆಸರು ಬರದಿಲ್ಲ."

ಅವಳಿಗೆ ಸಮಾಧಾನವಾದೀತು ಎಂದುಕೊಂಡಿದ್ದೆ. ಅವಳು ಮತಗಟ್ಟೆಯ ಬಾಗಿಲನ್ನೇ ನೋಡುತ್ತ ನಿಂತಳು. ಐದಾಗಲು ಇನ್ನೂ ನಾಲ್ಕು ನಿಮಿಷವಿತ್ತು.

"ಬರೀರಿ ಸರ್," ಎಂದಳು. "ಹಚ್ಚಿದಾಕಿ ನಾನು."