ಹಜ್ ಮರಕ್ಕೆ ಈಚಲು ಹೂವು

ನಾನು ಅಬ್ದುಲ್ ರಶೀದ್, ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಮಧುಗಿರಿಯಿಂದ ನಮ್ಮೂರು ಶಿರಾಕ್ಕೆ ವರ್ಗವಾಗಿ ಬಂದ ಮೇಲೂ ವರ್ಷಕ್ಕೊಮ್ಮೆ ದಾಸವಾಳದ ಹೂವನ್ನು ಬ್ಲೇಡಿನಿಂದ ಸೀಳಿ, ಇದು ಕೇಸರ, ಇದು ಅಂಡಾಶಯ ಎಂದು ಮಕ್ಕಳಿಗೆ ತೋರಿಸುತ್ತಿದ್ದೆ. ತಪ್ಪು ಹೇಳಿದವರ ಕಿವಿ ಹಿಂಡುತ್ತಿದ್ದೆ. ನನ್ನ ಕಿವಿ ಹಿಂಡುವವರು ಯಾರೂ ಇರಲಿಲ್ಲ. ಇದ್ದಿದ್ದರೆ ನಮ್ಮ ಹಿತ್ತಿಲಿನ ಖರ್ಜೂರದ ಮರ ಏಳು ವರ್ಷ ಸುಮ್ಮನೆ ಹೂ ಉದುರಿಸಿಕೊಂಡು ನಿಲ್ಲುತ್ತಿರಲಿಲ್ಲ.

ಆ ಮರಕ್ಕೆ ನಮ್ಮ ಬೀದಿಯಲ್ಲಿ ಹಜ್ ಮರ ಎಂದೇ ಹೆಸರು. ನಮ್ಮ ಅಬ್ಬಾ ಹುಸೇನ್ ಸಾಬ್ ೧೯೩೭ರಲ್ಲಿ ಹಜ್ ಯಾತ್ರೆ ಮುಗಿಸಿ ಬರುವಾಗ ಮದೀನಾದಲ್ಲಿ ತಿಂದ ಖರ್ಜೂರದ ಬೀಜಗಳನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿ ತಂದಿದ್ದರು. ಮೂರು ಮೊಳೆತವು. ಎರಡನ್ನು ನಮ್ಮದೇ ಆಡು ತಿಂದಿತು. ಉಳಿದದ್ದು ಇದೊಂದು. ಮೊದಲ ಹೂ ಬಿಡುವ ಹಿಂದಿನ ವರ್ಷ ಅಬ್ಬಾ ತೀರಿಕೊಂಡರು. "ಮೊದಲ ಹಣ್ಣು ಬೀದಿಗೆಲ್ಲ ಹಂಚಬೇಕು" ಎಂದು ಅಮ್ಮಿಗೆ ಹೇಳಿಹೋಗಿದ್ದರು.

ಅಮ್ಮಿ, ಅಂದರೆ ನಮ್ಮ ತಾಯಿ ಚಾಂದ್ ಬಿ, ಆ ಮಾತನ್ನು ಹಿಡಿದುಕೊಂಡೇ ಕೂತಿದ್ದಳು. ಮರ ಪ್ರತಿ ವರ್ಷ ಹೂ ಬಿಡುತ್ತಿತ್ತು. ಆಮೇಲೆ ಕಡಲೆಕಾಳಿನಷ್ಟು ಕಾಯಿ, ಮೂರು ಮೂರು ಒಂದಕ್ಕೊಂದು ಒತ್ತಿಕೊಂಡು, ಬೀಜವಿಲ್ಲ, ತಿರುಳಿಲ್ಲ, ಬರೀ ಜೊಳ್ಳು. ಅಮ್ಮಿ ಅದನ್ನೇ ಬಾಯಿಗೆ ಹಾಕಿಕೊಂಡು, "ಸ್ವಲ್ಪ ಸಿಹಿ ಇದೆ ಅಲ್ವಾ ಬೇಟಾ?" ಎನ್ನುತ್ತಿದ್ದಳು. ಬೇವಿನಕಾಯಿಯಾದರೂ ವಾಸಿ. ನಾನು ಮಾತ್ರ "ಹೌದು ಅಮ್ಮೀ" ಎಂದು ಸುಳ್ಳು ಹೇಳುತ್ತಿದ್ದೆ.

ಅಣ್ಣ ಕರೀಮ್ ಸಾಬ್ ಸುಳ್ಳು ಹೇಳುವವನಲ್ಲ. ಅವನದು ಬಾಡಿಗೆ ಸೈಕಲ್ ಅಂಗಡಿ. ಸಂಜೆ ಸೈಕಲ್ಲುಗಳನ್ನೆಲ್ಲ ಹಿತ್ತಿಲಿಗೆ ತಂದು ನಿಲ್ಲಿಸುತ್ತಿದ್ದ, ಬೆಳಿಗ್ಗೆ ನೋಡಿದರೆ ಎರಡಾದರೂ ಪಂಕ್ಚರ್. ಖರ್ಜೂರದ ಮುಳ್ಳು ದಬ್ಬಳದಂತಿರುತ್ತದೆ. ೧೯೫೫ರ ಜನವರಿಯಲ್ಲಿ ಒಂದೇ ದಿನ ಐದು ಟ್ಯೂಬ್ ಹೋದವು. ಅವತ್ತು ಅವನು ತೀರ್ಮಾನ ಹೇಳಿಯೇಬಿಟ್ಟ.

"ಈ ಬಕ್ರೀದ್‌ವರೆಗೆ ಅಮ್ಮೀ. ಹಣ್ಣು ಬಂದರೆ ಮರ ಇರಲಿ. ಬರದಿದ್ದರೆ ಕಡಿದು ಇಲ್ಲಿ ಶೆಡ್ ಹಾಕಿಸ್ತೀನಿ."

ಅಮ್ಮಿ ಅವತ್ತು ರಾತ್ರಿ ಊಟ ಮಾಡಲಿಲ್ಲ. ನನಗೆ ಅಣ್ಣನ ಮೇಲೆ ಕೋಪ ಬಂತು, ಮರದ ಮೇಲೆ ಇನ್ನೂ ಜಾಸ್ತಿ ಬಂತು. ಕೊಟ್ಟಿಗೆ ಗೊಬ್ಬರ ಹಾಕಿದ್ದೆ, ಮೂಳೆ ಪುಡಿ ಹಾಕಿದ್ದೆ, ಬೇವಿನ ಹಿಂಡಿ ಹಾಕಿದ್ದೆ. ಇನ್ನೇನು ಬಿರಿಯಾನಿ ಹಾಕಬೇಕಾಗಿತ್ತೇ?

ಫೆಬ್ರವರಿಯಲ್ಲಿ ಮರ ಮತ್ತೆ ಹೊಂಬಾಳೆ ಬಿಟ್ಟಿತು. ಅದರ ಕೆಳಗೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾಗ ಈಚಲು ಚಾಪೆ, ಪೊರಕೆ ಮಾರುವ ಕದಿರಯ್ಯ ಹಿತ್ತಿಲ ಬಾಗಿಲಿಗೆ ಬಂದ. ಅವನೂ ಅವನಪ್ಪನೂ ಒಂದು ಕಾಲದಲ್ಲಿ ಈಚಲು ಮರ ಹತ್ತಿ ಹೆಂಡ ಇಳಿಸುತ್ತಿದ್ದವರು. ಅದಕ್ಕೇ ಅವನು ನಮ್ಮ ಹೊಸ್ತಿಲು ದಾಟುತ್ತಿರಲಿಲ್ಲ, ನಾವೂ ಬಾ ಎನ್ನುತ್ತಿರಲಿಲ್ಲ. ಅಲ್ಲಿಂದಲೇ ಕತ್ತೆತ್ತಿ ನೋಡಿದ.

"ಇದೇನ್ ಮೇಷ್ಟ್ರೇ, ಒಂಟಿ ಹೆಣ್ಮರ ಇಟ್ಕೊಂಡಿದೀರಿ? ಗಂಡ್ಮರ ಎಲ್ಲೈತೆ?"

"ಮರದಲ್ಲಿ ಎಂಥ ಗಂಡು ಹೆಣ್ಣೋ?"

"ಅಯ್ಯೋ, ನಮ್ ಈಚಲ್ನಾಗೆ ಇಲ್ವಾ? ಒಂದ್ ಮರ ಬರೀ ಬಿಳೀ ಹೂ ಬುಡ್ತದೆ, ಮುಟ್ಟಿದ್ರೆ ಕೈಯೆಲ್ಲ ಹಿಟ್ಟು. ಅದು ಗಂಡು. ಇನ್ನೊಂದು ಇಂಗೆ ಹಳದಿ ಮಣಿ ಪೋಣ್ಸಿದಂಗೆ ಬುಡ್ತದೆ. ಇದು ಹೆಣ್ಣು ಕಣಣ್ಣೋ. ಆ ಹಿಟ್ಟು ಬೀಳ್ದೆ ಇದು ಹೆಂಗೆ ಕಾಯಿ ಕಟ್ತದೆ?"

ಯಾರೋ ನನ್ನ ಕಿವಿ ಹಿಡಿದು ಹಿಂಡಿದಂತಾಯಿತು. ದಾಸವಾಳ! ದಾಸವಾಳದಲ್ಲಿ ಗಂಡು ಭಾಗವೂ ಹೆಣ್ಣು ಭಾಗವೂ ಒಂದೇ ಹೂವಿನೊಳಗೆ ಇರುತ್ತವೆ. ಅದನ್ನೇ ಹತ್ತು ವರ್ಷ ಸೀಳಿ ಸೀಳಿ, ಲೋಕದ ಹೂವೆಲ್ಲ ಹಾಗೇ ಎಂದುಕೊಂಡಿದ್ದೆ. ಒಳಗೆ ಓಡಿ ಕಾಲೇಜಿನ ಹಳೆಯ ಸಸ್ಯಶಾಸ್ತ್ರದ ಪುಸ್ತಕ ತೆಗೆದೆ. ಇತ್ತು! ಖರ್ಜೂರದಲ್ಲಿ ಗಂಡು ಹೂ ಒಂದು ಮರದಲ್ಲಿ, ಹೆಣ್ಣು ಹೂ ಇನ್ನೊಂದರಲ್ಲಿ. ಅದರ ಕೆಳಗಿನ ಸಾಲಿನಲ್ಲೇ ಈಚಲು. ಎರಡೂ ಒಂದೇ ಕುಲ, ದಾಯಾದಿಗಳು. ನಾನು ಪುಸ್ತಕ ಹಿಡಿದುಕೊಂಡು ಹಿತ್ತಿಲಲ್ಲಿ ಕುಣಿದೆ. ಪೊರಕೆ ಮಾರುವವನ ಎದುರು ಮೇಷ್ಟ್ರು ಕುಣಿಯುವುದನ್ನು ಪಕ್ಕದ ಮನೆಯವರು ಗೋಡೆಯ ಮೇಲಿಂದ ನೋಡಿದರು. ನೋಡಲಿ!

"ಈ ಹಿಂದಿನ ಹಳ್ಳದ ತುಂಬ ಈಚಲು ಇದ್ವು," ಎಂದ ಕದಿರಯ್ಯ. "ಅವು ಇದ್ದಿದ್ರೆ ಗಾಳಿಗೇ ಹಿಟ್ಟು ಬಂದು ಬೀಳ್ತಿತ್ತೋ ಏನೋ. ದೊಡ್ಡ ಸಾಬ್ರು ಕಡಿಸ್ಬುಟ್ರು."

ಅಮ್ಮಿ ಬಾಗಿಲಲ್ಲಿ ನಿಂತಿದ್ದಳು. "ಹೌದು," ಎಂದಳು ಮೆಲ್ಲಗೆ. "ಹಜ್ ಮರದ ಪಕ್ಕ ಹೆಂಡದ ಮರ ಬೇಡ ಅಂತ ಅವರೇ ಕಡಿಸಿದರು. ಇವನ ಅಪ್ಪ ಆವತ್ತು ಇದೇ ಬಾಗಿಲಲ್ಲಿ ನಿಂತು ಅತ್ತಿದ್ದ."

ಅಬ್ಬಾ ಮರವನ್ನು ಪವಿತ್ರವಾಗಿ ಕಾಪಾಡಲು ಹೋಗಿ ಬಂಜೆ ಮಾಡಿದ್ದರು. ಇದನ್ನು ಅಮ್ಮಿಗೆ ಬಿಡಿಸಿ ಹೇಳುವ ಅಗತ್ಯ ಇರಲಿಲ್ಲ.

ಕೆರೆಯಾಚೆ ಗಂಡು ಈಚಲು ಇದೆ, ನಾಳೆಯೇ ಹೂ ತರುತ್ತೇನೆ ಎಂದ ಕದಿರಯ್ಯ. ಸಂಜೆ ವಿಷಯ ತಿಳಿದ ಅಣ್ಣ ನನ್ನ ಮೇಲೆ ಹಾರಿಬಿದ್ದ.

"ಮದೀನಾದ ಮರಕ್ಕೆ ಹೆಂಡದ ಮರದ ಧೂಳು! ತಲೆ ಕೆಟ್ಟಿದೆಯಾ ನಿಂಗೆ? ಜನ ಏನಂತಾರೆ?"

ಮರುದಿನ ಶನಿವಾರ. ಹೆಡ್ಮಾಸ್ಟರನ್ನು ಬೇಡಿಕೊಂಡು, ಶಾಲೆಗೆ ಹೊಸದಾಗಿ ಬಂದಿದ್ದ ಸೂಕ್ಷ್ಮದರ್ಶಕವನ್ನು ಟವೆಲ್ಲಿನಲ್ಲಿ ಸುತ್ತಿ ಮಧ್ಯಾಹ್ನ ಮನೆಗೆ ತಂದೆ. ಅಷ್ಟರಲ್ಲಿ ಕದಿರಯ್ಯ ಬಿಳಿ ಹೂವಿನ ಗೊಂಚಲು ತಂದಿದ್ದ. ಗಾಜಿನ ಮೇಲೆ ಒಂದು ಹನಿ ಸಕ್ಕರೆ ನೀರು ಹಾಕಿ ಹೂವನ್ನು ಅದರ ಮೇಲೆ ಕೊಡವಿದೆ. ಬಿಸಿಲಿಗೆ ಕನ್ನಡಿ ತಿರುಗಿಸಿದೆ. ರಾಗಿಗಿಂತ ಎಷ್ಟೋ ಪಾಲು ಸಣ್ಣ ಪರಾಗದ ಕಣಗಳು, ಉದ್ದುದ್ದ ಅಕ್ಕಿಕಾಳಿನ ಆಕಾರದಲ್ಲಿ, ಕಣ್ಣೆದುರು ರಾಶಿ ಬಿದ್ದಿದ್ದವು. ಒಂದೊಂದರೊಳಗೂ ಎರಡೇ ಎರಡು ಜೀವಕೋಶ. ಅಷ್ಟೇ ಬಂಡವಾಳ.

ಒಂದು ಗಂಟೆ ಏನೂ ಆಗಲಿಲ್ಲ. ಅಣ್ಣ ಬಾಗಿಲಲ್ಲಿ ನಿಂತು ಗೊಣಗುತ್ತಿದ್ದ. ಇನ್ನೊಂದು ಹನಿ ಸಕ್ಕರೆ ನೀರು ಬಿಟ್ಟೆ. ಎರಡನೇ ಗಂಟೆ ಮುಗಿಯುವಷ್ಟರಲ್ಲಿ ಒಂದು ಕಣದ ಬದಿಯಲ್ಲಿ ಸಣ್ಣ ಗುಬುಟು ಎದ್ದಿತು. ಗುಬುಟು ಉದ್ದವಾಯಿತು. ಪಕ್ಕದ ಕಣದಲ್ಲೂ! ಅದರಾಚೆಯದರಲ್ಲೂ! ನೋಡನೋಡುತ್ತಿದ್ದಂತೆ ಬೆಳ್ಳಗಿನ ನಾಳಗಳು ಹೊರಬಂದು ಉದ್ದವಾಗತೊಡಗಿದವು.

"ಜೀವ ಇದೆ ಅಮ್ಮೀ! ಜೀವ ಇದೆ!" ಎಂದು ಕಿರುಚಿದೆ.

ಅಮ್ಮಿ ಒಂದು ಕಣ್ಣು ಮುಚ್ಚಿ ನೋಡಿದಳು. "ಯಾ ಅಲ್ಲಾ! ಇವು ಎಲ್ಲಿಗೆ ಹೊರಟಿವೆ ಬೇಟಾ?"

"ಕಾಯಿಯ ಹೊಟ್ಟೆಗೆ. ಹೂವಿನ ತುದಿಗೆ ಬಿದ್ದ ಕಣ ಹೀಗೇ ನಾಳ ಇಳಿಸುತ್ತೆ. ಅದು ಒಳಗಿನ ಅಂಡದವರೆಗೆ ಹೋಗಿ ಸೇರಿದರೆ ಬೀಜ. ಬೀಜ ಕಟ್ಟಿದರೆ ಹಣ್ಣು ತುಂಬಿಕೊಳ್ಳುತ್ತೆ."

ಕದಿರಯ್ಯ ಹೊಸ್ತಿಲಾಚೆ ಕತ್ತು ಚಾಚುತ್ತಿದ್ದ. ಅಮ್ಮಿ ಅವನ ಕಡೆ ತಿರುಗಿ, "ಬಾರಪ್ಪ ಒಳಗೆ, ನಿನ್ನ ಮರದ್ದೇ ತಾನೆ, ನೋಡು" ಎಂದಳು. ಅವನು ಕಾಲು ಒರೆಸಿಕೊಂಡು ಬಂದು ನೋಡಿದ. "ಆಹಾ! ನಲವತ್ ವರ್ಸ ಇದನ್ನ ಮೈಮೇಲಿಂದ ಕೊಡವ್ಕೊಂಡೆ ಕಣಮ್ಮ!"

ನಾನು ಅಣ್ಣನಿಗೆ ಸವಾಲು ಹಾಕಿದೆ. "ಭಾಯಿಜಾನ್, ಬನ್ನಿ. ಇದರಲ್ಲಿ ಹೆಂಡ ಎಲ್ಲಿದೆ ತೋರಿಸಿ."

ಅವನು ಬಗ್ಗಿದ. ಬಗ್ಗಿದವನು ಏಳಲೇ ಇಲ್ಲ. ಕೊನೆಗೆ ಎದ್ದು ಕಣ್ಣುಜ್ಜಿಕೊಂಡು, "ಆ ಹೂ ಮರಕ್ಕೆ ಕಟ್ಟಿಕೊಳ್ಳಿ. ಆದರೆ ಬಕ್ರೀದ್ ಅಂದ್ರೆ ಬಕ್ರೀದ್" ಎಂದ.

ಕದಿರಯ್ಯ ಸೊಂಟಕ್ಕೆ ಹಗ್ಗ ಸುತ್ತಿಕೊಂಡು ಮರ ಹತ್ತಿದ. ಬಿಳಿ ಹೂವಿನ ಎಳೆಗಳನ್ನು ಹಳದಿ ಗೊನೆಗಳ ನಡುವೆ ತಲೆಕೆಳಗಾಗಿ ಕಟ್ಟಿ ಕೊಡವಿದ. ಕೆಳಗಿಂದ ಅಮ್ಮಿ ಬಿಸ್ಮಿಲ್ಲಾ ಎಂದಳು, ಮೇಲಿಂದ ಅವನು ರಂಗನಾಥಾ ಎಂದ. ಹಿಟ್ಟು ನನ್ನ ಕನ್ನಡಕದ ಮೇಲೂ ಬಿತ್ತು.

ಆಮೇಲೆ ಕಾದೆವು. ದಿನಕ್ಕೆ ಹತ್ತು ಸಲ ಮರ ನೋಡುತ್ತಿದ್ದೆ. ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಎದ್ದು ಬಂದರೆ ನೆಲದ ತುಂಬ ಹಸಿರು ಕಾಯಿ! ಮಾರನೆಯ ದಿನ ಇನ್ನಷ್ಟು. ಏಳು ವರ್ಷದ ಅದೇ ಹಾಳು ಕಥೆ. ಅಮ್ಮಿ ಅವನ್ನು ಸೆರಗಿನಲ್ಲಿ ಆರಿಸಿಕೊಳ್ಳುತ್ತಿದ್ದಳು. ಅಣ್ಣ ಕೊಡಲಿ ತಂದು ಗೋಡೆಗೆ ಒರಗಿಸಿದ.

"ಬಕ್ರೀದ್‌ವರೆಗೆ ಯಾಕೆ ಕಾಯೋದು?" ಎಂದ. ಅವನ ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ.

ನನಗೆ ರೋಷ ಉಕ್ಕಿತು. ಏಣಿ ಹಾಕಿ ಹತ್ತಿದೆ. ಮುಳ್ಳು ತೋಳು ಗೀರಿತು, ಅಂಗಿ ಹರಿಯಿತು. ಗೊನೆ ಹಿಡಿದು ನೋಡಿದೆ. ಪ್ರತಿ ಸಲ ಮೂರು ಮೂರು ಒತ್ತಿಕೊಂಡಿರುತ್ತಿದ್ದ ಕಡೆ ಈಗ ಒಂದೊಂದೇ ಇತ್ತು. ಆ ಒಂದು ಗಟ್ಟಿಯಾಗಿ, ದಪ್ಪಗೆ ಕೂತಿತ್ತು. ಪಕ್ಕದ ಎರಡು ಉದುರಿ ಅದಕ್ಕೆ ಜಾಗ ಬಿಟ್ಟಿದ್ದವು. ಇಡೀ ಗೊನೆಯಲ್ಲಿ ಹಾಗೇ! ಒಂದನ್ನು ಕಿತ್ತು, ಜೇಬಿನ ಬ್ಲೇಡಿನಿಂದ ಅಲ್ಲೇ ಸೀಳಿದೆ. ಒಳಗೆ ಹಾಲುಬಣ್ಣದ ಎಳೆಯ ಬೀಜ.

"ಬೀಜ! ಭಾಯಿಜಾನ್, ಬೀಜ!"

ಇಳಿಯುವ ಅವಸರದಲ್ಲಿ ಕೊನೆಯ ನಾಲ್ಕು ಮೆಟ್ಟಿಲು ಜಾರಿಯೇ ಬಂದೆ. ಅಣ್ಣ ಆ ಸೀಳಿದ ಕಾಯಿಯನ್ನು ಅಂಗೈಯಲ್ಲಿಟ್ಟುಕೊಂಡು ತುಂಬಾ ಹೊತ್ತು ನೋಡಿದ. ಆಮೇಲೆ ಕೊಡಲಿ ಎತ್ತಿಕೊಂಡು ಹೋಗಿ, ತಳದ ಒಣಗಿದ ಗರಿಗಳ ಮುಳ್ಳನ್ನೆಲ್ಲ ಒಂದೊಂದಾಗಿ ಸವರಿದ.

ಜುಲೈ ಕೊನೆಯಲ್ಲಿ ಬಕ್ರೀದ್ ಬಂತು. ಅಷ್ಟರಲ್ಲಿ ಕಾಯಿ ಹಳದಿಯಾಗಿ, ತುದಿಯಿಂದ ಕಂದು ತಿರುಗಿ ಮೆತ್ತಗಾಗಿತ್ತು. ಅಳಿಲು ತಿನ್ನದಿರಲೆಂದು ಗೊನೆಗಳಿಗೆ ಅಮ್ಮಿಯ ಹಳೆಯ ಸೀರೆ ಕಟ್ಟಿದ್ದೆವು. ನಮಾಜಿನಿಂದ ಬಂದ ಮೇಲೆ ಕದಿರಯ್ಯನೇ ಹತ್ತಿ ಗೊನೆ ಇಳಿಸಿದ. ಮೊದಲ ಹಣ್ಣನ್ನು ಅಮ್ಮಿಯ ಕೈಗಿಟ್ಟೆ. ಅವಳು ಕಚ್ಚಿದಳು. ಹಲ್ಲಿಗೆ ಕಟಕ್ಕೆಂದು ಬೀಜ ತಗುಲಿತು. ಅದನ್ನು ಅಂಗೈಗೆ ಉಗುಳಿಕೊಂಡು ನೋಡುತ್ತಾ ಅತ್ತುಬಿಟ್ಟಳು.

"ಸಿಹಿ ಇದೆಯಾ ಅಮ್ಮೀ?" ಈ ಸಲ ನಾನು ಕೇಳಿದೆ.

"ನೀನೇ ತಿಂದು ನೋಡೋ ಸುಳ್ಳ!" ಎಂದಳು, ಅಳುತ್ತಲೇ ನಕ್ಕು. ನನ್ನ ಸುಳ್ಳೆಲ್ಲ ಅವಳಿಗೆ ಗೊತ್ತೇ ಇತ್ತು.

ಬೀದಿಗೆಲ್ಲ ಹಂಚಿದೆವು. ತಿಂದವರೆಲ್ಲ ಬೀಜ ವಾಪಸ್ಸು ಕೊಡಬೇಕೆಂದು ಅಮ್ಮಿ ಕಟ್ಟಪ್ಪಣೆ ಮಾಡಿದ್ದಳು. ಸಂಜೆ ಪೆಟ್ಟಿಗೆಯ ತಳದಿಂದ ಒಂದು ಹಳೆಯ ಕರವಸ್ತ್ರ ತೆಗೆದಳು. ಅಬ್ಬಾ ಮದೀನಾದಿಂದ ಬೀಜ ಕಟ್ಟಿ ತಂದಿದ್ದು ಅದರಲ್ಲೇ. ಈ ಬೀಜಗಳನ್ನು ಅದರಲ್ಲಿ ಗಂಟು ಹಾಕಿ ಕದಿರಯ್ಯನ ಕೈಗೆ ಕೊಟ್ಟಳು.

"ಅವರು ಕಡಿಸಿದ ಹಳ್ಳದಲ್ಲೇ ನೆಡಪ್ಪ. ಇವು ಅರ್ಧ ನಿಮ್ಮವೇ."

ಕದಿರಯ್ಯ ಗಂಟನ್ನು ಎರಡೂ ಕೈಯಿಂದ ತೆಗೆದುಕೊಂಡ. "ಅರ್ಧ ಆದ್ರೂ ಗಂಡಾಗ್ಲಿ ಬುಡಮ್ಮ. ನಾಳೀಕೆ ನಾನಿಲ್ದಿದ್ರೂ ಹಿಟ್ಟಿಗೆ ಬರ ಇರಾಕಿಲ್ಲ," ಎಂದ.

ಸುತ್ತುದಾರಿಯಲ್ಲಿ ಹಳ್ಳಕ್ಕೆ ಹೋಗಲು ಅಣ್ಣ ಅಷ್ಟರಲ್ಲಿ ಒಂದು ಸೈಕಲ್ ಹೊರಗೆ ತಂದಿದ್ದ. ಹಾರೆಯನ್ನು ಅದಕ್ಕೆ ಬಿಗಿದು ಕಟ್ಟಿ, ಟೈರನ್ನು ಎರಡು ಸಲ ಒತ್ತಿ ನೋಡಿದ.

"ಹಿಂದೆ ಕೂತ್ಕೋ ಕದಿರಯ್ಯ," ಎಂದ. "ಕತ್ತಲಾಗೋದರೊಳಗೆ ಗುಂಡಿ ತೋಡೋಣ."