ಹಗೇವಿಗೆ ಇಳಿದವನು

ಬಾಗಿಲಿಗೆ ಚಿಲಕ ಹಾಕಿದವಳು ನಾನಲ್ಲ, ಅವರು. ಅದನ್ನು ಮೊದಲು ಹೇಳಿಬಿಡಬೇಕು.

ಸುಗ್ಗಿಯ ಮಧ್ಯಾಹ್ನ. ನಮ್ಮೂರು ದಂಡೋತಿಯ ಬಹುತೇಕ ಮಂದಿ ಜೋಳ ಕೊಯ್ಯಲು ಹೊಲಕ್ಕೆ ಹೋಗಿದ್ದರು. ನಾನು ಉಳಿದದ್ದು ಮಗಳು ಗುರುದೇವಿಯ ಸಲುವಾಗಿ. ಹೆತ್ತು ಒಂಬತ್ತು ದಿನ. ಒಳಕೋಣೆಯಲ್ಲಿ ಕೂಸಿನೊಂದಿಗೆ ಮಲಗಿದ್ದಳು. ಕುಡಿಯಲು ನೀರು ಕೇಳಿ ಇಬ್ಬರು ಗಂಡಸರು ಬಂದರು. ತಂಬಿಗೆ ತರಲು ತಿರುಗಿದೆ. ಹಿಂದೆ ಚಿಲಕ ಬಿತ್ತು. ದೊಡ್ಡವನ ಕೈಯಲ್ಲಿ ಚಾಕು ಇತ್ತು.

"ಬಂಗಾರ ಎಲ್ಲದ ಬೇ, ಮುದುಕಿ?"

"ನಮ್ಮಂಥಾರ ಮನ್ಯಾಗ ಎಲ್ಲೀ ಬಂಗಾರಪ್ಪ?"

"ಕೇಳೋ ಪೀರ್ಯಾ, ಬಡವಿ ಅಂತ! ಎರಡಂಕಣದ ಮನಿ ಕಟ್ಟ್ಯಾಳ ಬಡವಿ."

ಪೀರ್ಯಾ ನಕ್ಕ. ಅವನು ಸಣಕಲ, ದೊಡ್ಡವನ ತಮ್ಮ. ವಾಡಿ ಕಡೆಯವರು ಎಂದು ಮಾತಿನಿಂದಲೇ ತಿಳಿಯಿತು. ಗಡಿಗೆಗಳನ್ನು ಒಡೆದರು, ಸಂದೂಕದ ಸೀರೆಗಳನ್ನೆಲ್ಲ ಕಿತ್ತೆಸೆದರು. ಗುರುದೇವಿ ಸದ್ದು ಕೇಳಿ ಒಳಗಿನಿಂದ ಅಗಳಿ ಹಾಕಿಕೊಂಡಿದ್ದಳು. ಕೂಸು ಅಳದಿದ್ದರೆ ಸಾಕು ಎಂದು ನಾನು ಉಸಿರು ಹಿಡಿದು ನಿಂತಿದ್ದೆ.

ದೊಡ್ಡವನು ಆ ಬಾಗಿಲಿಗೆ ಹೆಗಲು ಕೊಟ್ಟ. "ಇದರಾಗ ಏನದ?"

"ಕುಳ್ಳು, ಕಟಿಗಿ."

"ಕುಳ್ಳಿಗಿ ಒಳಗಿಂದ ಅಗಳಿ ಹಾಕ್ತಾರೇನ್?"

ಎರಡನೇ ಸಲ ಹೆಗಲು ಕೊಟ್ಟಾಗ ಬಾಗಿಲು ಕರಕರ ಎಂದಿತು. ನನ್ನ ಬಾಯಿಂದ ಸುಳ್ಳು ತಾನಾಗಿ ಬಂತು. "ಬಂಗಾರ ಅಲ್ಲಿಲ್ಲ. ಹಗೇವಿನಾಗ ಅದ."

ಪಡಸಾಲೆಯ ನೆಲದೊಳಗೆ ನಾವು ಜೋಳ ತುಂಬಿಡುವ ಹಗೇವು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ. ಕೆಳಗೆ ಎರಡಾಳು ಆಳ. ಹೋದ ವರ್ಷ ಕಲ್ಲು ಮುಚ್ಚಿ ಸುತ್ತ ಮಣ್ಣು ಮೆತ್ತಿದ್ದೆವು. ಇಬ್ಬರೂ ಕಲ್ಲು ಎಬ್ಬಿಸಿದರು. ಹುಳಿ ವಾಸನೆ ಮೂಗಿಗೆ ಬಡಿಯಿತು.

"ಈಗಿಂದೀಗ ಇಳೀಬ್ಯಾಡ್ರಿ," ಎಂದೆ. "ಬಾಯಿ ತಗದು ಒಂದಿನ ಬಿಡಬೇಕು. ಒಳಗಿನ ಗಾಳಿ ಕೆಟ್ಟಿರ್ತದ. ದೀಪ ಇಳಿಬಿಟ್ಟು ಆರ್ತದೇನ್ ನೋಡಬೇಕು."

"ಒಂದಿನ ಅಂತ! ಹೊಲದಿಂದ ಮಂದಿ ಬರೋತನಾ ನಮ್ಮನ್ನ ಕುಂದ್ರಸಾಕತ್ಯಾಳ."

ಅವರು ನನ್ನ ಸುಳ್ಳು ನಂಬಿದರು, ನಿಜ ನಂಬಲಿಲ್ಲ. ಇನ್ನೊಮ್ಮೆ ಹೇಳಬಹುದಿತ್ತು. ಒಳಕೋಣೆಯ ಬಾಗಿಲು ನೋಡಿದೆ. ಹೇಳಲಿಲ್ಲ.

ಪೀರ್ಯಾ ಸೊಂಟಕ್ಕೆ ಬಾವಿ ಹಗ್ಗ ಕಟ್ಟಿಕೊಂಡು ಇಳಿದ. ದೊಡ್ಡವನು ಹಗ್ಗ ಹಿಡಿದ. ಒಳಗೆ ಜೋಳ ಸರಿದ ಸದ್ದಾಯಿತು, ಒಮ್ಮೆ ಕೆಮ್ಮು ಕೇಳಿಸಿತು. ಆಮೇಲೆ ಏನೂ ಇಲ್ಲ.

"ಪೀರ್ಯಾ! ಸಿಕ್ತೇನೋ?"

ದೊಡ್ಡವನು ಹಗ್ಗ ಅಲುಗಿಸಿದ. ಅವನು ಚಾಕು ನನ್ನತ್ತ ಚಾಚಿದ. "ನೀ ಇಳದು ನೋಡು."

"ನಾ ಇಳದ್ರ ನಾನೂ ಸಾಯ್ತೀನಿ, ನೀ ಇಳದ್ರ ನೀನೂ. ಎಳಿ ಮೊದಲು."

ಒಂದು ಕೈಯಿಂದ ಎಳೆದ, ಆಗಲಿಲ್ಲ. ಚಾಕು ಬಿಟ್ಟು ಎರಡೂ ಕೈಯಿಂದ ಎಳೆದ. ಎಚ್ಚರವಿಲ್ಲದ ಮೈ ಹಗೇವಿನ ಕುತ್ತಿಗೆಗೆ ಅಡ್ಡ ಸಿಕ್ಕಿತ್ತು. ನಾನೂ ಹಗ್ಗಕ್ಕೆ ಕೈ ಹಾಕಿದೆ. ಯಾಕೆಂದು ಈಗಲೂ ಸರಿಯಾಗಿ ಹೇಳಲಾರೆ.

"ಇಬ್ಬರಿಂದ ಆಗಂಗಿಲ್ಲ. ಬಾಗಲಾ ತಗದು ಮಂದೀನ ಕರಿ."

"ಮಂದಿ ಬಂದ್ರ ನನ್ನ ಬಿಡ್ತಾರೇನ್?"

"ಇಲ್ಲ. ಆದ್ರ ಅಂವ ಉಳದಾನು."

ಆಗಲೇ ಕೂಸು ಅತ್ತಿತು.

ಅವನು ಒಳಕೋಣೆಯತ್ತ ತಿರುಗಿದ. ನನ್ನ ಕೈಯಲ್ಲಿ ಹಗ್ಗ, ಅವನ ಕಾಲ ಬಳಿ ಚಾಕು. ಅವನು ಚಾಕು ಎತ್ತಿದರೆ ನಾನು ಹಗ್ಗ ಬಿಟ್ಟುಬಿಡುತ್ತೇನೆ ಎಂದುಕೊಂಡೆ. ಅವನು ಹಗೇವಿನ ಕಪ್ಪು ಬಾಯಿಯನ್ನು ನೋಡಿದ. ಆಮೇಲೆ ಓಡಿಹೋಗಿ ತಾನೇ ಚಿಲಕ ತೆಗೆದು ಓಣಿಗೆ ಕೇಳುವಂತೆ ಕಿರುಚಿದ: "ಬರ್ರೋ ಯಪ್ಪಾ, ಯಾರರೆ ಬರ್ರೋ! ನನ್ನ ತಮ್ಮ ಸಾಯಾಕತ್ಯಾನ!"

ಮೂರನೇ ಮನೆಯಲ್ಲಿ ಬಂಡಿಗಾಲಿ ರಿಪೇರಿ ಮಾಡುತ್ತಿದ್ದ ಶೌಕತ ಅಲಿ ಇಬ್ಬರನ್ನು ಕರೆದುಕೊಂಡು ಬಂದ. ನಾಲ್ವರು ಜಗ್ಗಿದ ಮೇಲೆ ಪೀರ್ಯಾ ಮೇಲೆ ಬಂದ, ತುಟಿ ನೀಲಿ. ಬಹಳ ಹೊತ್ತಿನ ಮೇಲೆ ಉಸಿರೆಳೆದ. ಅಣ್ಣ ಅವನ ತಲೆ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ಹಿಡಿದು ಕಟ್ಟುವಾಗಲೂ ಕೊಸರಲಿಲ್ಲ.

ಶೌಕತ ಅಲಿ ನನ್ನನ್ನು ಬದಿಗೆ ಕರೆದ. "ಮಾದೇವಮ್ಮಕ್ಕ, ಹಗೇವಿನ ಗಾಳಿ ಬಗ್ಗೆ ಹೇಳಿದ್ದೇನ್ ಅವರಿಗಿ?"

"ಒಮ್ಮಿ ಹೇಳಿದೆ."

ಅವನು ಹೋಗಿ ಹಗೇವಿನ ಬಾಯಿಗೆ ಕಲ್ಲು ಎಳೆದ. ನಾನು ಒಳಕೋಣೆಯ ಬಾಗಿಲು ತಟ್ಟಿದೆ.

"ಗುರುದೇವಿ, ತಗಿಯವ್ವ. ನಾ ಅದೀನಿ."

"ಅವರು ಹೋದ್ರೇನ್?"

"ಇಲ್ಲೇ ಅದಾರ. ಮಂದಿ ಕಟ್ಟಿ ಹಾಕ್ಯಾರ."

"ಖರೇನಾ ಅವ್ವ? ಅವರು ಹೆದರಿಸಿ ಹೇಳಸಾಕತ್ತಿಲ್ಲಲ್ಲ?"

ಅಗಳಿ ಸರಿಯಲಿಲ್ಲ. ಆಕೆ ನಂಬುವವರೆಗೂ ಹೇಳುತ್ತ ನಿಂತೆ.