ಮಲಗಿಸಲು ಮರೆತ ಕಂಬ

ಬೇಸಗೆ ಬಂತೆಂದರೆ ಇಂಗ್ಲೆಂಡಿನ ಆ ಕಾಲುವೆಯ ದಂಡೆಯ ವಿಲೋ ಮರಗಳು ಮೈತುಂಬ ಎಲೆ ಹೊದ್ದು ನಿಲ್ಲುತ್ತವೆ. ನೋಡುವವರಿಗೆ ಚೆಂದ, ಹೆಸ್ಟರ್‌ಗೆ ತಲೆನೋವು. ಆ ಎಲೆಗಳ ನಡುವೆ ನೆಟ್‌ವರ್ಕ್ ನುಸುಳುವುದಿಲ್ಲ. ಮೊದಲೇ ಅವಳದು ಕಬ್ಬಿಣದ ದೋಣಿ. ಒಳಗೆ ಕೂತರೆ ಫೋನೂ ಒಂದೇ, ಕಲ್ಲೂ ಒಂದೇ. ಅದಕ್ಕೇ ಅವಳು ದೋಣಿಯ ಮಾಡಿನ ಮೇಲೊಂದು ಕಂಬ ನಿಲ್ಲಿಸಿ ತುದಿಗೆ ಆಂಟೆನಾ ಕಟ್ಟಿದ್ದಳು.

ಈ ದೋಣಿಯೇ ಅವಳ ಮನೆ, ಕಚೇರಿ. ಬೀಜದ ಕಂಪನಿಯೊಂದಕ್ಕೆ ಬರುವ ತೋಟಗಾರರ ಪ್ರಶ್ನೆಗಳಿಗೆ ಇಲ್ಲಿಂದಲೇ ಉತ್ತರ ಬರೆಯುತ್ತಿದ್ದಳು. ಇನ್ನು ಎಲ್ಲರೂ ಪಟ್ಟಣದ ಕಚೇರಿಗೇ ಬರಬೇಕೆಂಬ ಮಾತೆದ್ದಿತ್ತು. ಆ ದಿನ ಮಧ್ಯಾಹ್ನದ ವಿಡಿಯೋ ಸಭೆಯಲ್ಲಿ ಅವಳ ವಿಷಯದ ತೀರ್ಮಾನ. ಮಾತು ತುಂಡಾದರೆ ಕೆಲಸವೂ ತುಂಡು. ಆಮೇಲೆ ದೋಣಿ ಮಾರಿ ಬಾಡಿಗೆ ಕೋಣೆ ಹಿಡಿಯುವುದೊಂದೇ ದಾರಿ.

ಕಂಬವಿದ್ದರೂ ಈ ಮರಗಳಡಿ ವಿಡಿಯೋ ತಡೆತಡೆದು ಬರುತ್ತಿತ್ತು. ಸೇತುವೆಯಾಚೆ ಬಯಲು, ಅಲ್ಲಿ ಆಂಟೆನಾಗೆ ನೆಟ್‌ವರ್ಕ್ ಧಾರಾಳ. ಹೆಸ್ಟರ್ ಗೂಟ ಕಿತ್ತು, ಹಗ್ಗ ಸುತ್ತಿ, ಚುಕ್ಕಾಣಿ ಹಿಡಿದು ಹೊರಟಳು. ಆಡಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸುತ್ತ ತಗ್ಗಾದ ಇಟ್ಟಿಗೆ ಕಮಾನಿನಡಿ ನುಗ್ಗಿದಳು. ಫಟ್ಟೆಂದಿತು. ಸೇತುವೆ ಬಂದಾಗ ಕಂಬ ಮಲಗಿಸುವುದನ್ನೇ ಮರೆತಿದ್ದಳು. ಆಂಟೆನಾ ಬುಳುಕ್ಕೆಂದು ಕೆಸರು ನೀರಿಗಿಳಿಯಿತು.

ಬಯಲಿನ ದಂಡೆಗೆ ಕಟ್ಟಿದ್ದ ದೋಣಿಯಿಂದ ಕ್ಲೆಮ್ ಇದನ್ನೆಲ್ಲ ನೋಡಿದ. ಕಾಲುವೆಯುದ್ದಕ್ಕೂ ಕಲ್ಲಿದ್ದಲು, ಡೀಸೆಲ್ ಮಾರುವ ಮುದುಕ ಅವನು.

“ಸೇತುವೆ ಏನು ನಿನ್ನ ನೋಡಿ ಎದ್ದು ನಿಲ್ಲುತ್ತೆ ಅನ್ಕೊಂಡ್ಯೇನಮ್ಮಾ?”

“ನಗು ಕ್ಲೆಮ್ಮಣ್ಣ, ನಗು. ಇನ್ನೊಂದು ಗಳಿಗೇಲಿ ನನ್ ಕೆಲ್ಸ ಹೋಗುತ್ತೆ.”

ಕ್ಲೆಮ್ ನಗು ನಿಲ್ಲಿಸಿದ. “ಹಗ್ಗ ಎಸಿ.”

ದಂಡೆಯಲ್ಲಿ ಜಾಗವಿಲ್ಲದಾಗ ಪಕ್ಕದ ದೋಣಿಯ ಮಗ್ಗುಲಿಗೇ ಕಟ್ಟಿಕೊಳ್ಳುವುದು ಕಾಲುವೆಯವರ ವಾಡಿಕೆ. ಹಗ್ಗ ಬಿಗಿಯುವಾಗ ಹೆಸ್ಟರ್ ತಲೆಯೆತ್ತಿದಳು. ಕ್ಲೆಮ್‌ನ ದೋಣಿಯ ಚಿಮಣಿಯ ಹಿಂದೆ ಮರೆಮಾಡಿದಂತೆ ಒಂದು ಆಂಟೆನಾ.

“ಇಂಟರ್‌ನೆಟ್ಟು ಸೋಮಾರಿಗಳಿಗೆ ಅಂತಿದ್ಯಲ್ಲ?”

“ಕ್ರಿಕೆಟ್ ನೋಡಕ್ಕಮ್ಮ. ಯಾರಿಗೂ ಹೇಳ್ಬೇಡ.” ನಡೆಯುತ್ತಿದ್ದ ಪಂದ್ಯವನ್ನು ಅವನು ನಿಲ್ಲಿಸಿದ. “ನಿನ್ ಸಭೆ, ನನ್ ಆಟ ಎರಡನ್ನೂ ಒಟ್ಟಿಗೆ ಎಳೆಯಲ್ಲ ಇದು.” ವೈಫೈ ಪೆಟ್ಟಿಗೆಯನ್ನು ಅವಳ ಕಿಟಕಿಗೆ ತಂದಿಟ್ಟು ಹೊರಗೆ ಕೂತ.

ಸಭೆ ಸುಸೂತ್ರ ಸಾಗಿತ್ತು. ಅಷ್ಟರಲ್ಲಿ ಪ್ರವಾಸಿಗಳ ದೋಣಿಯೊಂದು ಭರ್ರನೆ ಹಾದುಹೋಯಿತು. ಎರಡೂ ದೋಣಿ ತೂಗಿದವು, ಮೇಜಿನ ಮೇಲಿನ ಟೀ ತುಳುಕಿತು.

“ನಿಧಾನಾ!” ಹೊರಗಿಂದ ಗುಡುಗು. “ಕಟ್ಟಿದ್ ದೋಣಿ ಕಾಣಲ್ವೇನ್ರಯ್ಯಾ? ಒಳಗೆ ಹುಡುಗಿ ಕೆಲ್ಸ ಮಾಡ್ತಿದಾಳೆ!”

ಪರದೆಯಲ್ಲಿದ್ದ ಮೇಲಧಿಕಾರಿಣಿಗೆ ನಗು ತಡೆಯಲಾಗಲಿಲ್ಲ. “ನಮ್ ಕಚೇರಿಗಿಂತ ಅಲ್ಲೇ ಶಿಸ್ತು ಜಾಸ್ತಿ ಇದೆ ಹೆಸ್ಟರ್. ಮಾತೆಲ್ಲ ಸ್ಪಷ್ಟವಾಗಿ ಕೇಳ್ತಿದೆ. ಅಲ್ಲೇ ಇರಿ.”

ಹೆಸ್ಟರ್ ಹೊರಬಂದಾಗ ಕ್ಲೆಮ್ ಸೇತುವೆಯ ಬುಡದಲ್ಲಿ ನಿಂತು, ಮುಳುಗಿದ ಆಂಟೆನಾಗಾಗಿ ಉದ್ದನೆಯ ಕೊಕ್ಕೆಗೋಲಿನಿಂದ ನೀರು ಕೆದಕುತ್ತಿದ್ದ.

“ಏನಂದ್ರು?”

“ಇಲ್ಲೇ ಇರು ಅಂದ್ರು.”

“ಸರಿ ಮತ್ತೆ, ಪೆಟ್ಟಿಗೆ ಕೊಡು. ಅಷ್ಟರಲ್ಲಿ ಯಾರ್ಯಾರು ಔಟಾದ್ರೋ ಏನೋ.”

ಅವಳು ಪೆಟ್ಟಿಗೆ ಕೊಟ್ಟು ಇಬ್ಬರಿಗೂ ಟೀಗೆ ನೀರಿಟ್ಟಳು. ಆಮೇಲೆ ಮಾಡು ಹತ್ತಿ, ಉಳಿದಿದ್ದ ಮೋಟು ಕಂಬವನ್ನು ಮೆಲ್ಲನೆ ಮಲಗಿಸಿದಳು. ಮುಂದೆ ಹತ್ತಿರದಲ್ಲೆಲ್ಲೂ ಸೇತುವೆ ಇರಲಿಲ್ಲ.